ಫಕೀರಪ್ಪನ ಪೂರಾ ಹೆಸರು

ಕಾದ ಲಾಳ ತಾಗಿ ಗೊರಸು ಸುಡುವ ವಾಸನೆ ಹಲವರಿಗೆ ಸೇರುವುದಿಲ್ಲ. ನನಗೆ ಅದು ತವರಿನ ವಾಸನೆ. ಅಪ್ಪ ಪುಣೆಯ ಲಷ್ಕರ ಪೇಟೆಯಲ್ಲಿ ಟಾಂಗಾ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ. ಅಣ್ಣ ಫಕೀರಪ್ಪ ಕುದುರೆಯ ಕಾಲು ಹಿಡಿದುಕೊಂಡು ಅದರೊಡನೆ ಮಾತಾಡುತ್ತಿದ್ದ.

“ಪುಣೇದ ಕುದರಿಗೆ ಕನ್ನಡ ತಿಳಿತೈತೇನಲೇ?” ಎಂದು ಅಪ್ಪ ಕೇಳಿದರೆ, “ಒದಿಯೂದಿಲ್ಲಲ್ಲ, ತಿಳಿದಂಗ ಆತು” ಎನ್ನುತ್ತಿದ್ದ.

ಅಪ್ಪ ತೀರಿಕೊಂಡ ಮರುವರ್ಷ ಅಣ್ಣ ದಂಡಿಗೆ ಸೇರಿದ. ೧೯೪೪ರಲ್ಲಿ ಇಟಲಿಯ ಯಾವುದೋ ಹೊಳೆ ದಾಟುವಾಗ ಗುಂಡು ತಗುಲಿ ಸತ್ತ. ಅವನಿಗೆ ಇಪ್ಪತ್ತೊಂದು. ತಂತಿಯನ್ನು ಅವ್ವನಿಗೆ ಓದಿ ಹೇಳಿದವಳು ನಾನೇ.

ಯುದ್ಧ ಮುಗಿದ ಮೇಲೆ ಅವನ ಪದಕ ಒಯ್ಯಲು ದಂಡಿನ ಕಚೇರಿಯಿಂದ ಕರೆ ಬಂತು. ಇಪ್ಪತ್ತು ವರ್ಷ ಪುಣೆಯಲ್ಲಿದ್ದರೂ ಅವ್ವನ ಮರಾಠಿ ಭಾಜಿ ಮಾರುಕಟ್ಟೆ ದಾಟಿರಲಿಲ್ಲ. ಕಾಲೇಜಿನ ಮೊದಲ ವರ್ಷದಲ್ಲಿದ್ದ ನಾನು ಜೊತೆಗೆ ಹೋದೆ. ಗುಮಾಸ್ತ ಮಧುಕರರಾಯರು ಎದ್ದು ತಮ್ಮ ಕುರ್ಚಿಯನ್ನೇ ಅವ್ವನಿಗೆ ಕೊಟ್ಟರು. ಆಮೇಲೆ ಕಾಗದ ತೆರೆದು ಮರಾಠಿಯಲ್ಲಿ ಓದಿದರು: “ಫಕೀರ್ ಮಹಮ್ಮದನ ತಾಯಿ. ಬಾಯಿ, ಇಲ್ಲಿ ಹೆಬ್ಬೆಟ್ಟು ಒತ್ತಿರಿ.”

ಅವ್ವ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ಅಣ್ಣನಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಶಿರಹಟ್ಟಿಯ ಫಕೀರೇಶ್ವರನಿಗೆ ಹರಕೆ ಹೊತ್ತು, ಹುಟ್ಟಿದ ಮಗನಿಗೆ ಅವನ ಹೆಸರಿಟ್ಟಿದ್ದಳು. ನಮ್ಮ ಕಡೆ ಇಂಥ ಫಕೀರಪ್ಪರು ಊರಿಗೆ ನಾಲ್ಕು ಜನ ಸಿಗುತ್ತಾರೆ. ಪದಕದ ಪಟ್ಟಿ ಮಾಡುವಾಗ ದಂಡಿನಲ್ಲಿ ಯಾರೋ ‘ಫಕೀರ’ ಎಂಬುದಷ್ಟನ್ನೇ ಕೇಳಿ, ಉಳಿದದ್ದನ್ನು ತಾವೇ ಸೇರಿಸಿ ಬರೆದಿದ್ದರು.

ಅವನ ಹೆಸರು ಫಕೀರಪ್ಪ ಎಂದು ನಾನು ಹೇಳಿದಾಗ ರಾಯರು ನಂಬರು, ತಂದೆಯ ಹೆಸರು ಎಲ್ಲ ತಾಳೆ ನೋಡಿದರು. “ಹುಡುಗ ಇವನೇ. ಅಪ್ಪ ಅಂದರೆ ಮರ್ಯಾದೆಯ ಮಾತಷ್ಟೇ ಅಲ್ಲವೇ? ಲಗ್ನವೇ ಆಗದ ಹುಡುಗ ಯಾರಿಗೆ ಅಪ್ಪ?” ಎಂದು ನಕ್ಕರು.

ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವ ನಗಲಿಲ್ಲ.

“ಇಂದೂ, ಇವರನ್ನ ಕೇಳು. ನಿಮ್ಮ ಹೆಸರಿನ್ಯಾಗ ರಾವ್ ಐತಲ್ರೀ, ನೀವು ಯಾವ ಊರು ಆಳ್ತೀರಿ?”

ಮೆತ್ತಗೆ ಮಾಡಿ ಹೇಳೋಣವೆಂದುಕೊಂಡೆ. ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ಇದ್ದದ್ದನ್ನು ಇದ್ದಂತೆ ಹೇಳಿದೆ. ಪಕ್ಕದ ಮೇಜಿನವರು ಕೆಮ್ಮಿದಂತೆ ಮಾಡಿ ನಗು ನುಂಗಿದರು.

ರಾಯರ ಮುಖ ಕೆಂಪಾಯಿತು. “ಮೇಲಿನಿಂದ ಬಂದ ಪಟ್ಟಿ ಇದು. ಒಪ್ಪದಿದ್ದರೆ ಪದಕ ವಾಪಸು ಹೋಗುತ್ತದೆ.”

“ಹೋಗವಲ್ದ್ಯಾಕ,” ಎಂದಳು ಅವ್ವ. “ಸಾಬರ ಹೆಸರು ಅಂತ ನನಗೇನೂ ಬ್ಯಾಸರಿಲ್ಲ. ಆದ್ರ ನಾ ಹಡೆದಾಂವ ಫಕೀರಪ್ಪ. ಇಲ್ಲದಾಂವನ ತಾಯಿ ಅಂತ ನಾ ಹೆಬ್ಬಟ್ಟು ಒತ್ತೂದಿಲ್ಲ. ಮಗನ್ನ ಕೊಟ್ಟೀನಿ, ಹೆಸರು ಕೊಡಂಗಿಲ್ಲ.”

ನಾಳೆ ಬನ್ನಿ ಎಂದರು ರಾಯರು. ಅವ್ವ ಕುರ್ಚಿ ಬಿಟ್ಟೆದ್ದು, ಹೊರಗೆ ಹೋಗದೆ, ಅವರ ಮೇಜಿನ ಎದುರಿಗೆ ಫರಸಿಕಲ್ಲಿನ ನೆಲದ ಮೇಲೆ ಕುಳಿತಳು. ಸಿಪಾಯಿ ಎರಡು ಸಲ ಬಂದು ಏಳಿಸಲು ನೋಡಿದ. “ಈ ಫರಸಿ ನಿಮ್ಮ ಮನ್ಯಾಂದೇನು?” ಎಂದು ಕೇಳಿದಳು. ಅವನು ಹೋಗಿ ಒಂದು ತಂಬಿಗೆ ನೀರು ತಂದಿಟ್ಟ.

ಮಧ್ಯಾಹ್ನದ ಗಂಟೆ ಹೊಡೆಯಿತು. ಎಲ್ಲರೂ ಊಟಕ್ಕೆ ಎದ್ದರು. ರಾಯರು ಮಾತ್ರ ಏಳದೆ ಹೆಸರು ತಿದ್ದುವ ಅರ್ಜಿಗೆ ಹೊಸ ಕಾಗದ ತೆಗೆದರು. “ಸಾಹೇಬರು ಎರಡಕ್ಕೆ ಹೊರಡುತ್ತಾರೆ. ಅಷ್ಟರೊಳಗೆ ಸಹಿ ಆಗಬೇಕು,” ಎಂದು, ನನ್ನ ಕಡೆ ನೋಡದೆ ಕೇಳಿದರು: “ಇಂಗ್ಲಿಷಿನಲ್ಲಿ ಹೇಗೆ ಬರೆಯುತ್ತೀರಿ? ಒಂದು ಪ ಬರುತ್ತದೋ ಎರಡೋ?”

“ಎರಡು,” ಎಂದೆ.

ಎರಡನ್ನೂ ಬರೆದರು. ಬರೆದದ್ದನ್ನು ಅವ್ವನಿಗೆ ತೋರಿಸಿದರು. ಓದಲು ಬಾರದ ಅವ್ವ ಅಕ್ಷರಗಳನ್ನು ಬಹಳ ಹೊತ್ತು ನೋಡಿ, ತಲೆಯಾಡಿಸಿದಳು. ಆದರೂ ಸಾಹೇಬರ ಸಹಿ ಆಗುವವರೆಗೆ ನೆಲ ಬಿಟ್ಟು ಏಳುವ ಹಾಗೆ ಕಾಣಲಿಲ್ಲ.

ರಾಯರು ಅರ್ಜಿಯ ಎರಡನೆಯ ಪ್ರತಿ ಬರೆಯಲು ಕುಳಿತರು. ಲೇಖನಿ ಅದ್ದುವ ಮೊದಲು ಖಾನೆಯಿಂದ ತಮ್ಮ ಊಟದ ಡಬ್ಬಿ ತೆಗೆದು, ಬಗ್ಗಿ ಅವ್ವನ ಕೈಗೆ ಕೊಟ್ಟರು.