ಗ್ರಾಣ ಬಿಡುವ ಹೊತ್ತು

“ಏ ಸತ್ತಿ, ಆ ಗ್ರಾಣದ ಮಾರಿ ಮ್ಯಾಲ ಅರಬಿ ಹಾಕ ಬೇ ಮೊದಲ. ಹಾಡೇ ಹಗಲ ದೆವ್ವ ಜೋತಬಿಟ್ಟಂಗ ಬಿಟ್ಟೀಯಲ್ಲ, ರಂಡೆ.”

ದ್ರಾಕ್ಷಿ ಚಪ್ಪರದ ಕಲ್ಲುಕಂಬಕ್ಕೆ ಕಟ್ಟಿದ ಜೋಳಿಗೆಯಲ್ಲಿ ಸತ್ತೆವ್ವನ ಮಗ ಬಾಳು ಮಲಗಿದ್ದ; ಗ್ರಹಣ ತಾಗಿ ಹುಟ್ಟಿದವನೆಂದು ಅವನಿಗೆ ಗ್ರಾಣ ಎನ್ನುತ್ತಿದ್ದರು. ಬೈದವಳು ತೋಟದ ಒಡೆಯ ಬಾಬಾಸಾಹೇಬನ ಹೆಂಡತಿ ಗೌರಾಬಾಯಿ. ಮೂಗಿಗೆ ಸೆರಗು ಹಿಡಿದು ದೂರದ ಬದುವಿನ ಮೇಲೆ ನಿಂತಿದ್ದಳು. ಅಲ್ಲಿ ವಾಸನೆಯೇನೂ ಇರಲಿಲ್ಲ. ಮಾದರ ಕೇರಿಯವರ ಜೊತೆ ಮಾತಾಡುವಾಗ ಆಕೆಯ ಕೈ ತಾನಾಗಿಯೇ ಮೂಗಿಗೆ ಹೋಗುತ್ತಿತ್ತು. ಸತ್ತೆವ್ವ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿ ಬಂದು ಮಗನ ಮುಖದ ಮೇಲೆ ಅರಿವೆ ಎಳೆದಳು. ಎಳೆದೊಡನೆ ಅವನ ಉಸಿರು ಗೊರಗೊರ ಎಂದಿತು. ಗೌರಾಬಾಯಿ ಆಚೆ ತಿರುಗಿದ ಮೇಲೆ ಅರಿವೆಯನ್ನು ಮತ್ತೆ ಸರಿಸಿದಳು.

ಬಾಳುವಿನ ಮೇಲ್ತುಟಿ ಮೂಗಿನವರೆಗೆ ಸೀಳಿತ್ತು. ಬಾಯಿ ತೆರೆದರೆ ಅಂಗುಳವೇ ಇಲ್ಲ. ಎರಡೂ ಪಾದ ಒಳಕ್ಕೆ ತಿರುಚಿದ್ದವು, ಎಡಗೈಯ ಬೆರಳು ಒಂದಕ್ಕೊಂದು ಅಂಟಿದ್ದವು. ವರ್ಷ ತುಂಬಿದರೂ ಹಸುಗೂಸಿನಷ್ಟು ಮೈ. ಮೊಲೆ ಚೀಪಲು ಬಾರದು. ಚಮಚದಲ್ಲಿ ಹಾಕಿದರೂ ಅರ್ಧ ಹಾಲು ಮೂಗಿನಲ್ಲಿ ಹೊರಗೆ ಬರುತ್ತಿತ್ತು.

ಶೇಡಬಾಳದಿಂದ ರೈಲು ಹತ್ತಿ ಮಿರಜದ ದೊಡ್ಡ ದವಾಖಾನೆಗೆ ಹೋಗಿ ಬಂದಿದ್ದಳು. ತುಟಿ ಹೊಲಿಯಬಹುದು, ಆಮೇಲೆ ಅಂಗುಳ, ಆಮೇಲೆ ಕಾಲು ಎಂದ ಅಲ್ಲಿಯ ಡಾಕ್ಟರ. ಆದರೆ ಈ ಮೈಗೆ ಕತ್ತಿ ಹಚ್ಚಿದರೆ ಕೂಸು ಉಳಿಯುವುದಿಲ್ಲ, ಮೊದಲು ಮೈ ತುಂಬಿಸಿಕೊಂಡು ಬಾ ಎಂದು ಕಳಿಸಿದ. ನರ್ಸಬಾಯಿಯೊಬ್ಬಳು ಚಮಚದ ಎರಡೂ ಅಂಚು ಒತ್ತಿ ಬಾಗಿಸಿ ಕೊಟ್ಟಳು. ತಲೆ ಎತ್ತಿ ಹಿಡಿ, ಹನಿಹನಿಯಾಗಿ ಬಿಡು, ಅವಸರ ಮಾಡಬೇಡ, ಮಾಡಿದರೆ ಹಾಲು ಪುಪ್ಪಸಕ್ಕೆ ಹೋಗುತ್ತದೆ ಎಂದು ಕೈ ಹಿಡಿದು ಕಲಿಸಿದಳು. ಅಂದಿನಿಂದ ಸತ್ತೆವ್ವನ ಬದುಕೆಲ್ಲ ಆ ಚಮಚದ ತುದಿಯಲ್ಲೇ ಇತ್ತು.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಅಂದವರಾರೂ ಇಂಥ ಕೂಸಿಗೆ ಹಾಲು ಹಾಕಿದವರಲ್ಲ. ಸತ್ತೆವ್ವನಿಗೆ ಬಾಳು ಮುದ್ದೆನಿಸಿದ ದಿನಗಳು ಕಡಿಮೆ. ಒಂದು ಬಟ್ಟಲು ಹಾಲು ಹೋಗುವಷ್ಟರಲ್ಲಿ ಎರಡು ಸಲ ಕೆಮ್ಮಿ, ಒಂದು ಸಲ ಎಲ್ಲವನ್ನೂ ಕಕ್ಕಿ, ಮತ್ತೆ ಹಸಿವೆಂದು ಅಳುವಾಗ ಅವಳು ಹಲ್ಲು ಕಡಿಯುತ್ತಿದ್ದಳು. ಸಾಯಬಾರದಾ ಎಂದು ಬಾಯಿಬಿಟ್ಟೇ ಅಂದಿದ್ದಳು. ಅಂದ ಬಾಯನ್ನು ತಾನೇ ಹೊಡೆದುಕೊಂಡಿದ್ದಳು.

ಗೌರಾಬಾಯಿ ಅಂದು ಬಂದದ್ದು ಹುಕುಂ ಹೊತ್ತು. ಸೊಸೆ ಚೊಚ್ಚಲ ಬಸುರಿ. ಅಮಾಸಿ ಕಳೆದ ಸೋಮವಾರ ತೋಟದ ಮಾವಿನ ಮರದಡಿ ಅವಳ ಸೀಮಂತದ ಕುಬಸ ಮಾಡುವುದಿತ್ತು. ಬಸುರಿಯ ಕಣ್ಣಿಗೆ ಈ ಮುಖ ಬಿದ್ದರೆ ಅದೇ ಅಚ್ಚು ಒಳಗೆ ಬೀಳುತ್ತದೆ. ಆದ್ದರಿಂದ ನಾಳೆಯಿಂದ ಸತ್ತೆವ್ವ ಬರಬೇಕು, ಕೂಸು ಬರಕೂಡದು. ದುಡಿಯುವ ಕೈ ಬೇಕು, ಕೈಗಂಟಿದ ಕೂಸು ಬೇಡ.

“ಗ್ರಾಣದಾಗ ಕತ್ತರಿ ಹಿಡದ ಮ್ಯಾಲ ಹಿಂಗಲ್ದ ಇನ್ನೇನ ಹುಟ್ಟತೈತಿ. ನೀ ಮಾಡಿದ ಪಾಪ ನೀ ಉಣ್ಣ. ನಮ್ಮ ಮನೀಗ ಬಡಸಬ್ಯಾಡ.”

ಸತ್ತೆವ್ವ ಸೊಂಟದ ಕತ್ತರಿಯನ್ನು ನೋಡಿದಳು. ಅದೂ ಬಾಬಾಸಾಹೇಬನ ಮನೆಯದೇ.

ಎಂಬತ್ತರ ಇಸವಿಯ ಆ ದೊಡ್ಡ ಗ್ರಹಣ. ದ್ರಾಕ್ಷಿ ಕೊಯ್ಲಿನ ದಿನ. ಬಾಬಾಸಾಹೇಬನ ಮನೆಯ ಕಿಟಕಿಗಳಿಗೆಲ್ಲ ಗೋಣಿತಟ್ಟು ಬಡಿದು, ಕೊಡದ ನೀರಿಗೆ ಗರಿಕೆ ಹಾಕಿ, ಮಂದಿಯೆಲ್ಲ ಒಳಗೆ ಸೇರಿದ್ದರು. ಮುಂಬಯಿಯ ಲಾರಿ ಮಾತ್ರ ತೋಟದ ಬಾಯಲ್ಲಿ ನಿಂತಿತ್ತು. ಸತ್ತೆವ್ವ ಬಾಗಿಲ ಮುಂದೆ ಕೂತು, ತನಗೆ ತಿಂಗಳು ನಿಂತಿದೆ, ಗ್ರಹಣದಲ್ಲಿ ಕತ್ತರಿ ಹಿಡಿಯಬಾರದಂತೆ ಎಂದು ಕೈಮುಗಿದಿದ್ದಳು. ಬಾಬಾಸಾಹೇಬ ಬಾಗಿಲನ್ನು ಒಂದು ಗೇಣಷ್ಟೇ ತೆರೆದು ನಕ್ಕಿದ್ದ.

“ರಾಹು ಯಾರ ಪೈಕಿ ಗೊತ್ತೈತಿಲ್ಲ ಬೇ? ನಿಮ್ಮ ಕೇರ್ಯಾವ. ತನ್ನ ಮಂದೀಗ ಅಂವ ಏನ ಮಾಡತಾನ? ನಡಿ, ಲಾರಿ ನಿಂತೈತಿ.”

ಕತ್ತರಿ ಬಾಗಿಲ ಸಂದಿಯಿಂದ ಹೊರಗೆ ಬಂದು ಬಿತ್ತು. ಬಾಗಿಲು ಮುಚ್ಚಿತು. ಹಾಡುಹಗಲೇ ಕತ್ತಲಾಗಿ ಕೋಳಿಗಳು ಗೂಡು ಸೇರಿದಾಗ ಸತ್ತೆವ್ವ ಚಪ್ಪರದಡಿ ಗೊನೆ ಕತ್ತರಿಸುತ್ತಿದ್ದಳು. ಗ್ರಹಣ ಬಿಡುವ ಹೊತ್ತಿಗೆ ಕೇರಿಯವರು ಎಂದಿನಂತೆ ಬುಟ್ಟಿ ಹಿಡಿದು ಮನೆಮನೆಯ ಮುಂದೆ ನಿಂತು ಕೂಗಿದರು: “ದೇ ದಾನ, ಸುಟೆ ಗಿರಾಣ.” ದಾನ ಕೊಡಿ, ಗ್ರಹಣ ಬಿಡಲಿ ಎಂದು ಆ ಮರಾಠಿ ಮಾತಿನ ಅರ್ಥ. ಕೇರಿಯವರಿಗೆ ಕೊಟ್ಟರೇ ಹಿಡಿದದ್ದು ಬಿಡುತ್ತದೆಂದು ಊರಿನ ನಂಬಿಕೆ. ಸತ್ತೆವ್ವನೂ ಹೋಗಿದ್ದಳು, ಕೈಯಲ್ಲಿ ದ್ರಾಕ್ಷಿಯ ಅಂಟು ಹಾಗೇ ಇತ್ತು. ಗೌರಾಬಾಯಿ ಮೇಲಿನಿಂದ ಬುಟ್ಟಿಗೆ ಜೋಳ ಸುರಿದಿದ್ದಳು.

ಮಿರಜದ ಡಾಕ್ಟರ ಗ್ರಹಣದ ಮಾತಿಗೆ ನಕ್ಕಿದ್ದ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಬಾಯಿ, ಯಾರ ತಪ್ಪೂ ಅಲ್ಲ ಎಂದಿದ್ದ. ಸತ್ತೆವ್ವನಿಗೆ ಸಿಟ್ಟು ಬಂದಿತ್ತು. ಯಾರ ತಪ್ಪೂ ಅಲ್ಲವೆಂದರೆ ಬಾಬಾಸಾಹೇಬನೂ ಪಾರು. ಅವನನ್ನು ಪಾರು ಮಾಡಲು ಅವಳ ಮನಸ್ಸು ಒಪ್ಪಲಿಲ್ಲ.

ಅವಳ ಗಂಡ ಜ್ಞಾನದೇವ ಬಾಬಾಸಾಹೇಬನ ಮನೆಯ ಸಂಬಳದಾಳು. ಮಗ ಹುಟ್ಟಿದಾಗಿನಿಂದ ಅವನನ್ನು ಮುಟ್ಟಿದವನಲ್ಲ. ಮನೆಗೆ ಉಣ್ಣಲು ಬರುತ್ತಿದ್ದ, ಮಲಗಲು ಸಾವ್ಕಾರನ ದನದ ಕೊಟ್ಟಿಗೆಗೆ ಹೋಗುತ್ತಿದ್ದ. ಕೂಸನ್ನು ಕೇರಿಯ ಮುದುಕಿ ಅಕ್ಕವ್ವನ ಹತ್ತಿರ ಬಿಡು, ನನ್ನ ಹೊಟ್ಟೆಯ ಮೇಲೆ ಹೊಡೆಯಬೇಡ ಎಂದ. ಸತ್ತೆವ್ವ ಬಿಟ್ಟಳು. ಕಣ್ಣು ಮಂಜಾದ ಅಕ್ಕವ್ವ ಕೂಸನ್ನು ಅಡ್ಡ ಮಲಗಿಸಿಯೇ ಹಾಲು ಹೊಯ್ದಳು. ಸಂಜೆ ಬರುವಷ್ಟರಲ್ಲಿ ಬಾಳುವಿಗೆ ಮೈ ಸುಡುವ ಜ್ವರ, ಎದೆಯಲ್ಲಿ ಗುರುಗುರು. ಅರೆಬರೆ ತುಂಬಿದ್ದ ಮೈ ಒಂದೇ ವಾರದಲ್ಲಿ ಮತ್ತೆ ಎಲುಬಿಗೆ ಬಂತು. ಚಮಚದ ತುದಿಯಲ್ಲಿ ಹನಿಹನಿಯಾಗಿ ಕೂಡಿಟ್ಟದ್ದೆಲ್ಲ ಹೋಯಿತು.

ಕುಬಸದ ದಿನ ಕಸ ಗುಡಿಸಲು, ನೀರು ಹೊಡೆಯಲು ಕೇರಿಯ ಹೆಂಗಸರೆಲ್ಲ ಬರಲೇಬೇಕೆಂದು ಹೇಳಿ ಕಳಿಸಿದ್ದರು. ಸತ್ತೆವ್ವ ಬಾಳುವನ್ನು ಕಟ್ಟಿಕೊಂಡೇ ಬಂದಳು. ಬಾಬಾಸಾಹೇಬ ದೂರದಿಂದ ಕಂಡವನೇ ಜ್ಞಾನದೇವನನ್ನು ಕರೆದ.

“ಏ ಭಾಡ್ಯಾ, ನಿನ್ನ ಹೇಣ್ತಿಗಿ ಹೇಳಿದ್ದ ತಿಳೀಲಿಲ್ಲೇನ? ಒಯ್ದ ಮೋಟರ ಖೋಲಿಯಾಗ ಒಗಿ ಅದನ್ನ. ಉಂಡ ಎದ್ದ ಮ್ಯಾಲ ತಗದರಾತು.”

ಒಂದು ವರ್ಷ ಮಗನನ್ನು ಮುಟ್ಟದವನು ಅಂದು ಮುಟ್ಟಿದ. ಜೋಳಿಗೆಸಮೇತ ಕಸಿದು ಒಯ್ದು, ನೀರೆತ್ತುವ ಮೋಟರಿನ ಕೋಣೆಯಲ್ಲಿ, ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳ ನಡುವೆ ನೆಲಕ್ಕಿಟ್ಟು ಹೊರಗೆ ಬಂದ. ಬಾಬಾಸಾಹೇಬ ಕೀಲಿ ಜಡಿದು ಬೀಗದಕೈಯನ್ನು ನಡುವಿಗೆ ಸಿಕ್ಕಿಸಿಕೊಂಡ. ಅಡ್ಡ ಬಂದ ಸತ್ತೆವ್ವನನ್ನು ಜ್ಞಾನದೇವನೇ ರಟ್ಟೆ ಹಿಡಿದು ಈಚೆ ಎಳೆದ. ಹಸಿದಾನ್ರೀ, ಹಾಲಿನ ಹೊತ್ತಾತು ಎಂದು ಅವಳು ಅನ್ನುತ್ತಲೇ ಇದ್ದಳು. ಆಗ ಕರೆಂಟು ಬಂತು. ಮೋಟರು ಗುಡುಗಿತು. ಕೂಸಿನ ಅಳು ಅದರಡಿ ಮುಳುಗಿಹೋಯಿತು.

ಬೀಗರು ಬಂದರು. ಹಸಿರು ಸೀರೆ, ಹಸಿರು ಬಳೆ ತೊಟ್ಟ ಸೊಸೆಯನ್ನು ಮಣೆಯ ಮೇಲೆ ಕೂರಿಸಿದರು. ಹಾಡು ಶುರುವಾಯಿತು. ಸತ್ತೆವ್ವ ಬಾಳೆಲೆ ತೊಳೆಯುತ್ತ ಮೋಟರಿನ ಸದ್ದನ್ನೇ ಕೇಳುತ್ತಿದ್ದಳು. ಜೊತೆಗಿದ್ದ ದುಂಡವ್ವ, ಇಷ್ಟೊತ್ತು ತಡಿದೀ, ಇನ್ನೊಂದೀಟ ತಡಿ ಎಂದಳು. ಅಷ್ಟರಲ್ಲಿ ಕರೆಂಟು ಹೋಯಿತು, ಮೋಟರು ನಿಂತಿತು. ಖೋಲಿಯಿಂದ ಯಾವ ಸದ್ದೂ ಬರಲಿಲ್ಲ.

ಸತ್ತ ಎಂದುಕೊಂಡಳು ಸತ್ತೆವ್ವ. ಅಂದುಕೊಂಡೊಡನೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನು ಚಮಚವಿಲ್ಲ, ಕೆಮ್ಮಿಲ್ಲ, ಗ್ರಾಣ ಎನ್ನುವವರಿಲ್ಲ. ಮೈಯೆಲ್ಲ ಹಗುರಾಯಿತು. ಆ ಹಗುರವೇ ಅವಳಿಗೆ ತಡೆಯಲಾಗಲಿಲ್ಲ. ತನ್ನ ಮಗನ ಸಾವಿಗೆ ತಾನೇ ಹಿಗ್ಗುವ ಹಾಗೆ ಮಾಡಿದರಲ್ಲ ಈ ಸೂಳೆಮಕ್ಕಳು ಎಂದು ಎದ್ದವಳು ಬದುವಿನ ಕಲ್ಲು ಎತ್ತಿಕೊಂಡೇ ನಡೆದಳು. ಎರಡನೇ ಏಟಿಗೆ ಚಿಲಕ ಕಿತ್ತು ಬಂತು.

ಬಾಳು ಅಳಲು ಬಲವಿಲ್ಲದೆ ಸುಮ್ಮನಿದ್ದ. ತುಟಿ ನೀಲಿಯಾಗಿತ್ತು. ಔಷಧದ ಘಾಟಿಗೆ ಕಣ್ಣು ಸುರಿಯುತ್ತಿದ್ದವು. ಎತ್ತಿಕೊಂಡಾಗ ಕೆಮ್ಮಿದ. ಸತ್ತೆವ್ವ ಅವನ ಮುಖದ ಮೇಲಿನ ಅರಿವೆಯನ್ನು ತೆಗೆದು ಬಿಸಾಡಿದಳು. ಸೊಂಟದಿಂದ ಚಮಚ ತೆಗೆದಳು, ಅಲ್ಯುಮಿನಿಯಂ ಬಟ್ಟಲು ತೆಗೆದಳು. ನೆಟ್ಟಗೆ ಮಾವಿನ ಮರದಡಿ ಹೋಗಿ ಜಮಖಾನೆಯ ಅಂಚಿಗೆ, ಸೊಸೆಯ ಎದುರಿಗೇ ಕೂತಳು.

“ದೇ ದಾನ,” ಎಂದು ಕೂಗಿದಳು. “ಸುಟೆ ಗಿರಾಣ.”

ಹಾಡು ನಿಂತಿತು. ಗೌರಾಬಾಯಿ ಸೊಸೆಯ ಕಣ್ಣುಗಳ ಮೇಲೆ ಅಂಗೈ ಒತ್ತಿದಳು. ಬಾಬಾಸಾಹೇಬ ಬಡಿಗೆ ಹಿಡಿದು ಬಂದವನು ಎರಡು ಮಾರು ದೂರದಲ್ಲೇ ನಿಂತ. ಮುಟ್ಟಿದರೆ ಮೈಲಿಗೆ, ಎಲೆ ಹಾಕಿಯಾಗಿದೆ, ಬೀಗರು ನೋಡುತ್ತಿದ್ದಾರೆ.

“ಹೊಯ್ಕೋತೀಯಾ ರಂಡೆ, ಏಳ. ಏಳತೀಯೋ ಒದೀಲೋ?”

“ಗ್ರಾಣ ಅಂತೀರಲ್ಲ ವರಸಾತು. ಇಕಾ, ತಂದೀನಿ. ನಿಮ್ಮ ಕತ್ತರೀನ ತಂದದ್ದ. ದಾನ ಕೊಡ್ರಿ, ಬಿಡತೈತಿ.”

ಶಿರಗುಪ್ಪಿಯಿಂದ ಬಂದಿದ್ದ ಸೊಸೆಯ ಅಜ್ಜಿಗೆ ಮೊದಲು ಹೆದರಿಕೆಯಾಯಿತು. ಬಸುರಿಯ ಮುಂದೆ ಗ್ರಹಣದ ದಾನ ಬೇಡಿದವರಿಗೆ ಇಲ್ಲವೆನ್ನಬಾರದು, ಕೊಟ್ಟು ಕಳಿಸಿ ಎಂದು ಪಿಸುಗುಟ್ಟಿದಳು. ಉಳಿದವರೂ ಹೌದು ಹೌದು ಎಂದರು. ಏನು ಬೇಕೆಂದು ಅಜ್ಜಿಯೇ ಕೇಳಿದಳು. ಹಾಲು ಎಂದಳು ಸತ್ತೆವ್ವ. ಗೌರಾಬಾಯಿ ಒಂದು ಕೈಯಿಂದ ಸೊಸೆಯ ಕಣ್ಣು ಮುಚ್ಚಿಕೊಂಡೇ ಇನ್ನೊಂದು ಕೈಯಿಂದ ಹೋಳಿಗೆಗೆಂದು ಕಾಸಿಟ್ಟಿದ್ದ ಹಾಲನ್ನು ಮೇಲಿನಿಂದ ಬಟ್ಟಲಿಗೆ ಹೊಯ್ದಳು. ಇನ್ನು ಏಳುತ್ತಾಳೆಂದು ಎಲ್ಲರೂ ಕಾದರು.

ಸತ್ತೆವ್ವ ಏಳಲಿಲ್ಲ. ಬಾಳುವಿನ ತಲೆ ಎತ್ತಿ ತೊಡೆಗೆ ಆನಿಸಿಕೊಂಡಳು. ಬಟ್ಟಲನ್ನು ಊದಿ ಆರಿಸಿ ಮೊದಲ ಹನಿ ಬಿಟ್ಟಳು. ಅದು ಮೂಗಿನಿಂದ ಹೊರಗೆ ಬಂತು. ಒರೆಸಿದಳು. ಮತ್ತೊಂದು ಹನಿ ಬಿಟ್ಟಳು.

“ಏ ಜ್ಞಾನದೇವಾ, ಎಳದ ಒಗಿಯೋ ಈಕೀನ,” ಎಂದು ಬಾಬಾಸಾಹೇಬ ಕಿರುಚಿದ.

ಜ್ಞಾನದೇವ ಬಂದ. ಬಂದು ಮಗನ ಮುಖವನ್ನು ಬೆಳಕಿನಲ್ಲಿ ನೋಡಿದ.

“ಎಳಿಯಾಕ ಬಂದಿದ್ರ ಎಳಿ,” ಎಂದಳು ಸತ್ತೆವ್ವ ತಲೆ ಎತ್ತದೆ. “ಇಲ್ಲಂದ್ರ ಕುಂಡ್ರು, ತಲಿ ಹಿಡಿ. ನನ್ನ ಕೈ ಸೋತೈತಿ.”

ಅವನು ಎಳೆಯಲೂ ಇಲ್ಲ, ಕೂಡಲೂ ಇಲ್ಲ. ಕೈ ಜೋತುಬಿಟ್ಟು ನಿಂತ. ಎಲೆಗಳ ಮೇಲೆ ಹೋಳಿಗೆ ಆರುತ್ತಿತ್ತು, ನೊಣ ಕೂಡುತ್ತಿದ್ದವು. ದಾನ ಕೊಟ್ಟ ಮೇಲೆ ಗ್ರಹಣ ಬಿಡುವವರೆಗೆ, ಅಂದರೆ ಅವಳು ಏಳುವವರೆಗೆ, ಯಾರೂ ತುತ್ತು ಎತ್ತುವಂತಿರಲಿಲ್ಲ. ಗೌರಾಬಾಯಿಯ ಅಂಗೈ ಸೊಸೆಯ ಕಣ್ಣ ಮೇಲೇ ಇತ್ತು. ಬಟ್ಟಲಲ್ಲಿ ಹಾಲು ಇನ್ನೂ ಕಂಠದವರೆಗಿತ್ತು.

ಸತ್ತೆವ್ವ ಅವಸರ ಮಾಡಲಿಲ್ಲ.