ಅವಿರೋಧವನ್ನು ಒಪ್ಪದ ಓಂಕಾರಪ್ಪನವರು

ಹೊಸಬರು ಎದುರಾದರೆ ಯಾವ ಊರು ಎಂದು ಕೇಳುವುದು ನಮ್ಮವರ ರೂಢಿ, ಓಂಕಾರಪ್ಪನವರು ಮಾತ್ರ ಕೇಳುತ್ತಿದ್ದದ್ದು "ಯಾವ ಕ್ಷೇತ್ರರೀ ನಿಮ್ಮದು?" ಎಂದು. ಅಮೆರಿಕದಲ್ಲಿ, ಲಾಸ್ ಏಂಜಲೀಸ್ ಪಕ್ಕದ ಆರ್ಟೀಸಿಯಾದ ಮಿಠಾಯಿ ಅಂಗಡಿಯಲ್ಲಿ ಈ ಪ್ರಶ್ನೆಗೆ ಸಿಕ್ಕಿಬಿದ್ದ ವಿದ್ಯಾರ್ಥಿಯೊಬ್ಬ ತಬ್ಬಿಬ್ಬಾಗಿ "ನಮ್ಮನೆ ದೇವ್ರು ಧರ್ಮಸ್ಥಳದ್ದು ಅಂಕಲ್" ಎಂದದ್ದನ್ನು ನಾನೇ ಕೇಳಿದ್ದೇನೆ. ಅವರು ನಗಲಿಲ್ಲ. "ದೇವರ ಕ್ಷೇತ್ರ ಅಲ್ಲೋ ತಮ್ಮಾ, ಓಟಿನ ಕ್ಷೇತ್ರ" ಎಂದು ತಿದ್ದಿ, ಕೈಯಲ್ಲಿದ್ದ ಜಿಲೇಬಿ ಆರುವವರೆಗೂ ಅವನಿಗೆ ಪಾಠ ಹೇಳಿದರು.

ಬಿಸಿಲೂರಿನಲ್ಲೂ ಕತ್ತಿನ ಗುಂಡಿ ಹಾಕಿದ ಬೂದುಬಣ್ಣದ ಕೋಟು, ಕಾಲುವೆಯ ದಂಡೆಯ ಮೇಲೆ ನಡೆವವರಂತೆ ಅಡಿ ನೋಡಿ ಇಡುವ ಹೆಜ್ಜೆ, ಮಾತಿಗೊಮ್ಮೆ "ತಿಳೀತಿಲ್ಲೊ?" ಎಂಬ ಒಗ್ಗರಣೆ. ಬಾಗಲಕೋಟೆ ಕಡೆಯ ಈ ನೀರಾವರಿ ಎಂಜಿನಿಯರು ನಿವೃತ್ತರಾದೊಡನೆ ಸ್ಯಾನ್ ಡಿಯಾಗೊದ ಮೀರಾ ಮೆಸಾ ಬಡಾವಣೆಯ ಮನೆ ಮಾರಿ, ಅಲ್ಲಿಂದ ಪೂರ್ವಕ್ಕೆ ಬೆಟ್ಟ ಇಳಿದರೆ ಸಿಗುವ ಒಕ್ಕಲುತನದ ಸೀಮೆಯ ಸಣ್ಣ ಊರಿಗೆ ಹೆಂಡತಿಯೊಡನೆ ಹೋಗಿ ನೆಲೆಸಿದಾಗ, ಬುದ್ಧಿ ನೆಟ್ಟಗಿದೆಯೇ ಎಂದು ನಾವೆಲ್ಲ ಆಡಿಕೊಂಡೆವು. ಕಾಂಗ್ರೆಸ್ ಎಂದು ಕರೆಯುವ ಅಮೆರಿಕದ ಸಂಸತ್ತಿಗೆ ಸದಸ್ಯನನ್ನು ಕಳಿಸುವ ಅಲ್ಲಿನ ಕ್ಷೇತ್ರದ ರಾಜಕೀಯ ಚರಿತ್ರೆ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಕಾಲುವೆ ಬಂದ ಕಾಲದಲ್ಲಿ ಯಾರು ಗೆದ್ದರು, ಕೂಲಿಕಾರರ ಮುಷ್ಕರದಲ್ಲಿ ಯಾರ ಕುರ್ಚಿ ಅಲುಗಿತು, ಎಲ್ಲವನ್ನೂ ಅಂಕಿ ತಪ್ಪದೆ ಹೇಳುವರು. 2001ರಲ್ಲಿ ಕ್ಷೇತ್ರಗಳ ಗಡಿಗಳನ್ನು ಮತ್ತೆ ಎಳೆದಾಗ ಕುಳಿತವರು ಕುಳಿತಲ್ಲೇ ಭದ್ರವಾಗುವಂತೆ ಗೆರೆಗಳು ಬಿದ್ದವು ಎಂಬುದು ಅವರ ನಿತ್ಯದ ಕೊರಗು. "ವೈ ಡು ಯು ಕೇರ್, ಅಪ್ಪಾ?" ಎಂದು ಲಾಸ್ ಏಂಜಲೀಸಿನಿಂದ ಮಗಳು ರಕ್ಷಿತಾ ಫೋನಿನಲ್ಲಿ ರೇಗುತ್ತಿದ್ದಳು.

ಕೊರಗಿನ ಬೇರು ಎಲ್ಲಿತ್ತೆಂಬುದನ್ನು ಅವರು ಒಮ್ಮೆ ಮಾತ್ರ ಹೇಳಿದರು. ಊರ ಪಂಚಾಯ್ತಿಗೆ ನಾಮಪತ್ರ ಹಾಕಿದ್ದ ಅವರ ತಂದೆಯನ್ನು ಹಿರಿಯರು ಚಾವಡಿಯಲ್ಲಿ ಕೂರಿಸಿ, ಊರ ಮಾನದ ಹೆಸರು ಹೇಳಿ, ನಾಮಪತ್ರ ವಾಪಸು ತೆಗೆಸಿದ್ದರು. ಮಾರನೆಯ ದಿನ ಅವಿರೋಧ ಆಯ್ಕೆಯ ಗುಲಾಲು. "ಒಬ್ಬನ ಬಾಯಾಗ ಅರಿಬಿ ತುರುಕಿ, ಊರೆಲ್ಲಾ ಒಪ್ಪೇತಿ ಅಂತ ಡಂಗುರ ಹೊಡಿಯೋದಕ್ಕ ಅವಿರೋಧ ಅಂತಾರ್ರೀ" ಎಂದಿದ್ದರು.

2006ರಲ್ಲಿ ಅವರ ಕ್ಷೇತ್ರದ ಹಾಲಿ ಸದಸ್ಯನಿಗೆ ಎದುರಾಳಿಯೇ ಇಲ್ಲವೆಂದು ಗೊತ್ತಾದಾಗ ಓಂಕಾರಪ್ಪನವರು ತಾವೇ ನಿಂತರು. ಪಕ್ಷವಿಲ್ಲ, ಮತಪತ್ರದಲ್ಲಿ ಹೆಸರು ಅಚ್ಚಾಗುವುದಿಲ್ಲ. ಬೇಕಾದವರು ಖಾಲಿ ಗೆರೆಯ ಮೇಲೆ ಅವರ ಹೆಸರನ್ನು ಕೈಯಾರೆ ಬರೆಯಬೇಕು. ಓಂಕಾರಪ್ಪ ಎಂಬ ಹೆಸರನ್ನು ಆ ಸೀಮೆಯ ರೈತರಿಗೆ ಕಲಿಸುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ನಾನು ಛೇಡಿಸಿದೆ. "ಗೆಲ್ಲಾಕ ಅಲ್ಲರೀ. ಒಬ್ಬರಾದ್ರೂ ಒಲ್ಲೆ ಅಂದಿದ್ರು ಅನ್ನೋದು ಈ ಕ್ಷೇತ್ರದ ಚರಿತ್ರೆಯೊಳಗ ಉಳೀಬೇಕು. ನಂದೊಂದ ಓಟಾದ್ರ ಹುಚ್ಚ ಅಂತಾರ. ನಮ್ಮೂರಾಗ ಇನ್ನೊಂದು ಬಿದ್ರ, ವಿರೋಧ ಅಂತಾರ" ಎಂದರು.

ಮತದಾನದ ಸಂಜೆ ನಾನು ಅವರ ಮನೆಯಲ್ಲಿದ್ದೆ. ಹೆಂಡತಿ ಶಿವಬಸವ್ವನವರು ರೊಟ್ಟಿ ಬಡಿಯುತ್ತಲೇ ಸಂಭ್ರಮದಿಂದ ಸುದ್ದಿ ಹೇಳಿದರು. ಮೂವತ್ತು ವರ್ಷ ಈ ದೇಶದಲ್ಲಿದ್ದರೂ ಎಲ್ಲ ಅರ್ಜಿಗಳನ್ನು ಗಂಡನೇ ತುಂಬಿ, ತಾವು ಬರೀ ಸಹಿ ಹಾಕಿದವರು ಆಕೆ.

"ಹಾಕಿ ಬಂದೆ ನೋಡ್ರಿ ಓಟು. ಇವರ ಹೆಸರು ನಾ ಹ್ಯಾಂಗ ಬರೀಲಿ? ಆಯುಷ್ಯಕ್ಕ ಛಲೋ ಅಲ್ಲ. ಮದುವ್ಯಾಗ ಗಂಡನ ಹೆಸರು ಹೇಳೋಹಂಗ ಒಡಪು ಕಟ್ಟಿ ಬರೀಬೇಕಂದ್ರ ಅಷ್ಟು ಜಾಗಾನೂ ಇರಲಿಲ್ಲ. ರಕ್ಷಿತಾನ ಅಪ್ಪ ಅಂತ ಬರದೆ. ಇಡೀ ಊರಾಗ ರಕ್ಷಿತಾ ಒಬ್ಬಾಕಿನ ಅಲ್ಲೇನು?"

ನನಗೆ ನಗು ಉಕ್ಕಿ ಬಂತು, ಮರುಕ್ಷಣವೇ ಅಡಗಿತು. ಓಂಕಾರಪ್ಪನವರು ತಾಟನ್ನು ಆಕೆಯ ಕಡೆ ಸರಿಸಿ, "ಛಲೋ ಮಾಡಿದಿ. ಇನ್ನೊಂದು ರೊಟ್ಟಿ ಹಾಕು" ಎಂದರು.

ಕೆಲವು ವಾರಗಳ ನಂತರ ಊರೂರಿನ ಎಣಿಕೆ ಪ್ರಕಟವಾಯಿತು. ಕ್ಷೇತ್ರದ ಬೇರೆಡೆ ಎಲ್ಲೂ ಅವರ ಹೆಸರಿಗೆ ಮತವಿರಲಿಲ್ಲ. ಅವರ ಊರಿನ ಮತಗಟ್ಟೆಯಲ್ಲಿ ಒಂದು. ಅದು ಅವರದೇ. ಈ ಸಂಗತಿಯನ್ನು ಅವರು ಹೆಂಡತಿಗೆ ಹೇಳಲಿಲ್ಲ, ಹೇಳಬೇಡಿ ಎಂದು ನನಗೂ ಕಣ್ಣಲ್ಲೇ ತಿಳಿಸಿದರು. ತನ್ನ ಮತದಿಂದ ಗಂಡನ ಮಾನ ಉಳಿಯಿತೆಂದು ನಂಬಿಕೊಂಡೇ ಶಿವಬಸವ್ವನವರು 2008ರ ಆರಂಭದಲ್ಲಿ ತೀರಿಕೊಂಡರು. ಅಂದು ಸ್ಮಶಾನದಿಂದ ಕಾರು ಓಡಿಸಿಕೊಂಡು ಮರಳುವಾಗ ನನಗೆ ದಾರಿಯೇ ಕಾಣದಷ್ಟು ಅಳು ಬಂದಿತ್ತು.

ಆ ವರ್ಷ ನಮ್ಮ ಯುಗಾದಿ ಕೂಟದಲ್ಲಿ ಯಾರೋ ಕೆಣಕಿದರು: "ನಿಮಗೆ ಎಷ್ಟು ಓಟು ಬಂತು, ಅಂಕಲ್?" ಓಂಕಾರಪ್ಪನವರು ನನ್ನ ಕಡೆ ನೋಡದೆ, ನಿಧಾನವಾಗಿ, "ಎರಡು" ಎಂದರು.

ಹೀಗೆ ಸೋಲಲೆಂದೇ ನಿಲ್ಲುವ ಮಂದಿ ಎಲ್ಲ ಸೀಮೆಗಳಲ್ಲೂ ಇದ್ದಾರೆ. ನಾವು ಅವರನ್ನು ಹಟಮಾರಿಗಳೆಂದು, ಲೋಕಜ್ಞಾನವಿಲ್ಲದವರೆಂದು ನಕ್ಕು ಮರೆಯುತ್ತೇವೆ. ಸತ್ಯಕ್ಕಾಗಿ ಊರನ್ನೇ ಎದುರು ಹಾಕಿಕೊಳ್ಳುವ ಇವರು ಜೀವಮಾನದಲ್ಲಿ ಹೇಳುವ ಸುಳ್ಳು ಬಹುಶಃ ಒಂದೇ. ಅದನ್ನೂ ತಮ್ಮ ಸೋಲು ಮುಚ್ಚಿಕೊಳ್ಳಲು ಹೇಳುವುದಿಲ್ಲ, ತಮ್ಮನ್ನು ನಂಬಿದ ಒಂದು ಜೀವ ಲೆಕ್ಕದಿಂದ ಬಿಟ್ಟುಹೋಗಬಾರದೆಂದು ಹೇಳುತ್ತಾರೆ.