ಉಳಿದ ನಾಲ್ಕು ಬತ್ತಿ

ಹತ್ತಿಯ ಎಳೆ ಹೆಬ್ಬೆರಳಿಗೆ ಅಂಟಿಕೊಂಡು ಬಿಡುತ್ತಿಲ್ಲ, ವಿಭೂತಿ ಹಚ್ಚಿಕೊಂಡರೂ ಬೆವರು, ಸಂಪಗಾಂವದ ಅಗಸಿಯಲ್ಲಿ ಬಸ್ಸು ಬಂದ ಸದ್ದು, ಬೆಳಗಾವಿಯ ದವಾಖಾನೆಯಿಂದ ಯಾರಾದರೂ ಇಳಿದರೋ ಏನೋ, ಇಳಿಯುವುದು ಬೇಡ, ಇಳಿದರೆ ಏನಾದರೂ ಹೇಳುತ್ತಾರೆ — ಹೊಸೆ ತಂಗೆವ್ವ, ನನಗೆ ನಾನೇ ಅಂದುಕೊಳ್ಳುತ್ತೇನೆ, ಸುಮ್ಮನೆ ಹೊಸೆ, ಶ್ರಾವಣದ ಕಡೆಯ ಸೋಮವಾರಕ್ಕೆ ಒಂದು ಲಕ್ಷದ ತೊಂಬತ್ತಾರು ಸಾವಿರ ಬತ್ತಿ, ಕಲ್ಯಾಣದಲ್ಲಿ ಕೂಡಿದ ಶರಣರಿಗೆ ತಲಾ ಒಂದು, ಹರಕೆ ಹೊತ್ತಾಗ ಮನೆಯಲ್ಲಿ ಏಳು ಹೆಣ್ಣುಮಕ್ಕಳು, ಏಳು ತಾಟು, ತಾಟಿಗೆ ಇಪ್ಪತ್ತೆಂಟು ಸಾವಿರ, ಲೆಕ್ಕ ಹಾಕಿದವಳು ನೀಲಾ, ನನ್ನ ಕಿರಿಯ ನೆಗೆಣ್ಣಿ, ಸಣ್ಣ ಮೈದುನನ ಹೆಂಡತಿ, ಯರಗಟ್ಟಿಯ ಹುಡುಗಿ, ಅಕ್ಕಾ ಈ ಸಂಖ್ಯಾ ಭಾಳ ಶಾಣ್ಯಾ ಐತ್ರಿ, ಎರಡರಿಂದ ಒಡೀರಿ ಒಡೀತೈತಿ, ಐದರಿಂದ ಒಡೀರಿ ಒಡೀತೈತಿ, ಏಳರಿಂದಂತೂ ಎರಡು ಸಲ, ನಮ್ಮ ಬಾಯವ್ವ ಅತ್ತಿ ಗತೆ, ಯಾರ ಕೂಡಾನೂ ಜಗಳಿಲ್ಲ, ಮೂರಕ್ಕಷ್ಟ ಆಗಿಬರೂದಿಲ್ಲ ನೋಡ್ರಿ — ಅತ್ತೆ ಕೇಳಿಸಿಕೊಂಡು, ಜಗಳಿಲ್ಲ ಅಂತ ಯಾರ ಹೇಳ್ಯಾರ ನಿನಗ, ಅಂದು ಕೈಯಲ್ಲಿದ್ದ ಬತ್ತಿಯಿಂದಲೇ ಅವಳ ಕೆನ್ನೆ ತಿವಿದರು, ಎಲ್ಲರೂ ನಕ್ಕೆವು, ಆ ಕೆನ್ನೆಯ ಮೇಲೆ ಈಗ ಕೊಳವೆ, ತನ್ನ ತಾಟಿಗೆ ಒಂದೂ ಹೊಸೆಯುವ ಮೊದಲೇ ಜ್ವರ ಮಿದುಳಿಗೆ ಏರಿತು, ಕಣ್ಣು ತೆರೆದಿಲ್ಲ.

ನಿನ್ನೆ ಮಂಜುಳಾ, ನಡುವಿನ ನೆಗೆಣ್ಣಿ, ನೀಲಾನ ತಾಟಿನ ಧೂಳು ಒರೆಸಿದಳು, ಕೆಟ್ಟ ಮನಸ್ಸಲ್ಲ ಅವಳದು, ಸೋಮವಾರ ಯಾರ ಸಲುವಾಗೂ ನಿಲ್ಲೂದಿಲ್ಲಕ್ಕಾ, ಆಕಿ ಪಾಲು ನಾವು ಆರೂ ಮಂದಿ ಹಂಚಕೊಳ್ಳೂಣು, ಅಂದಳು, ನನ್ನ ಮಗಳು ಶಿವಾನಿ ಮೊಬೈಲಿನಲ್ಲಿ ಆರರಿಂದ ಒಡೆದು ನೋಡಿದಳು, ಒಡೆಯಲಿಲ್ಲ, ಎಲ್ಲಾರಿಗೂ ಸಮ ಕೊಟ್ಟರ ನಾಲ್ಕು ಉಳೀತಾವ ಯವ್ವಾ — ನಾಲ್ಕಕ್ಕ ಏನ ಪಂಚಾಯ್ತಿ, ನಾನ ಹೊಸೀತೇನಿ, ಅಂದು ಮಂಜುಳಾ ಅಲ್ಲೇ ಹೊಸೆದು ನೀಲಾನ ತಾಟಿನ ಅಂಚಿಗೆ ಇಟ್ಟುಬಿಟ್ಟಳು, ನಾಲ್ಕು, ಬಿಳಿ, ಸಾಲಾಗಿ, ಕರೆಯದೆ ಬಂದು ಕಟ್ಟೆಯ ಮೇಲೆ ಕೂತ ನಾಲ್ಕು ಗಂಡಸರ ಹಾಗೆ, ಹೆಗಲ ಮೇಲೆ ಟವೆಲ್ಲು, ಮಾತಿಲ್ಲ, ಹೊರಲಿಕ್ಕೆ ಕಾದವರು — ಏಳಕ್ಕೆ ಒಂದೂ ಉಳಿಯುವುದಿಲ್ಲ, ನೀಲಾನನ್ನು ತೆಗೆದ ಕೂಡಲೇ ಆ ನಾಲ್ವರು ಬರುತ್ತಾರೆ.

ಹಂಚೂದು ಬ್ಯಾಡ, ಆಕಿ ಪಾಲು ನಾನ ಹೊಸೀತೇನಿ, ತಾಟು ಏಳ ಇರಲಿ, ಅಂದೆ, ಎರಡು ಪಾಲಕ್ಕ ನಿನ್ನ ಬೆರಳು ಉಳಿದಾವೇನಕ್ಕಾ, ಅಂದಳು ಮಂಜುಳಾ, ಉಳಿಯಲಿ ಬಿಡಲಿ, ಆ ನಾಲ್ಕನ್ನು ಬಿಡಿಸಿ ಮತ್ತೆ ಹತ್ತಿ ಮಾಡಿದೆ, ಕಣ್ಣಿನಿಂದ ಹೋಗಲಿಲ್ಲ, ಇಪ್ಪತ್ತೆಂಟೆಂದರೂ ಏಳ ನಾಲ್ಕಲೆ, ಏಳರಿಂದ ಎರಡು ಸಲ ಒಡೆದರೆ ತಳದಲ್ಲಿ ನಾಲ್ಕೇ ಸಾವಿರ, ನೀಲಾ, ನಿನ್ನ ಶಾಣ್ಯಾ ಸಂಖ್ಯೆಯೊಳಗೆ ಅವರು ಮೊದಲಿನಿಂದಲೂ ಕೂತಿದ್ದರೇನವ್ವ, ಶಿವನೇ, ಲೆಕ್ಕ ನಿನ್ನದು, ನನ್ನ ಬುದ್ಧಿಯನ್ನು ಅಲ್ಲಿ ಅಡ್ಡಾಡಿಸಬೇಡ, ಈಗ ಅವಳ ತಾಟು ಎಳೆದುಕೊಂಡೆ, ಒಂದು ಹೊಸೆದಿಟ್ಟೆ, ಎರಡು, ಅದರ ಮಗ್ಗುಲಿಗೆ ಮೂರು, ಬಿಳಿ, ಸಾಲಾಗಿ — ಹತ್ತಿ ಬೆರಳಲ್ಲಿದೆ, ಇನ್ನೊಂದು ಹೊಸೆಯದೆ ಮುಂದಿನ ಸಾವಿರಗಳಿಗೆ ದಾರಿಯಿಲ್ಲ, ಮೂರು ಬತ್ತಿ, ಮಗ್ಗುಲಲ್ಲಿ ಒಂದರಷ್ಟು ಜಾಗ